ಸ್ಟಾರ್ ರೈಡರ್ ಹೊರಗೆ ಕೂತಾಗ ಯಾರು? ಬೆಂಗಳೂರು ಬುಲ್ಸ್, ಕೋಚ್ ಜಗಳ ಮತ್ತು ರೈಡಿಂಗ್ ಲೆಕ್ಕ

ಮಾನ್ವಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಎಪಿಸೋಡ್ ಕಬಡ್ಡಿ ಬಗ್ಗೆ. ಅದರಲ್ಲೂ ನಮ್ಮ ಹುಡುಗರು ಚಹಾ ಅಂಗಡಿ ಮುಂದೆ ದಿನಾ ಕಿತ್ತಾಡೋ ಒಂದೇ ಪ್ರಶ್ನೆ ಬಗ್ಗೆ: ಬೆಂಗಳೂರು ಬುಲ್ಸ್‌ಗೆ ಎಂಥಾ ಕೋಚ್ ಇರಬೇಕು, ತಂಡ ಯಾವ ರೀತಿ ರೈಡ್ ಮಾಡಬೇಕು?

ಮೊದಲು ಈ ಜಗಳ ಯಾಕೆ ಶುರುವಾಯ್ತು ಅಂತ ಹೇಳಿಬಿಡ್ತೀನಿ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭ ಆದಾಗಿಂದ 2024ರ 11ನೇ ಸೀಸನ್‌ವರೆಗೆ ಬುಲ್ಸ್‌ಗೆ ಒಬ್ಬರೇ ಹೆಡ್ ಕೋಚ್, ರಣಧೀರ್ ಸಿಂಗ್ ಸೆಹ್ರಾವತ್. ಅವರ ಕಾಲದಲ್ಲೇ 2015ರಲ್ಲಿ ತಂಡ ಫೈನಲ್‌ಗೆ ಹೋಯ್ತು, 6ನೇ ಸೀಸನ್‌ನಲ್ಲಿ ಕಪ್ಪೂ ಬಂತು. ಆದರೆ 11ನೇ ಸೀಸನ್ ಭಾಳ ಕೆಟ್ಟದಾಗಿ ಹೋಯ್ತು. 22 ಪಂದ್ಯಗಳಲ್ಲಿ ಎರಡೇ ಗೆಲುವು, 12 ತಂಡಗಳಲ್ಲಿ 12ನೇ ಸ್ಥಾನ. ಅದೂ ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ತೆಗೆದ ಪರ್ದೀಪ್ ನರ್ವಾಲ್ ತಂಡದಲ್ಲಿ ಇದ್ದಾಗ. ರಣಧೀರ್ ಹೋದರು, ಬಿ.ಸಿ. ರಮೇಶ್ ಬಂದರು. ನಮ್ಮ ಕರ್ನಾಟಕದವರೇ, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. 2025ರ 12ನೇ ಸೀಸನ್‌ನಲ್ಲಿ ತಂಡ ತಳದಿಂದ ಎದ್ದು ಪ್ಲೇ-ಆಫ್‌ವರೆಗೆ ಹೋಯ್ತು. ಆದರೆ ಕಪ್ ದಬಾಂಗ್ ದೆಹಲಿ ಪಾಲಾಯ್ತು. ಹಂಗಾಗಿ ಜಗಳ ಮತ್ತೆ ಶುರು.

ಊರಲ್ಲಿ ಮೂರು ಗುಂಪು ಅದಾವ್ರೀ. ಒಂದು ಗುಂಪಿನ ವಾದ: "ಪವನ್‌ನಂಥಾ ಒಬ್ಬ ರೈಡರ್ ತರ್ರಿ, ಕೋಚ್ ಯಾರಾದ್ರೇನು." ಎರಡನೇ ಗುಂಪಿನದು: "ಇಲ್ಲ, ಮೂವರು ಸಾಧಾರಣ ರೈಡರ್ ಸಾಕು, ಕೋಚ್ ಗಟ್ಟಿ ಇರಬೇಕು." ಮೂರನೇ ಗುಂಪು ತೆಲುಗು ಟೈಟನ್ಸ್ ಫ್ಯಾನ್ಸ್. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಹಂಗಾಗಿ ಅವರು ಇದ್ದೇ ಇರ್ತಾರ. ಅವರು ಸುಮ್ಮನೆ ಕೂತು ಎರಡೂ ಕಡೆಯವರನ್ನ ನೋಡಿ ನಗ್ತಾರ. ಅವರ ನಗುವಿಗೂ ಒಂದು ಕಾರಣ ಅದ, ಅದನ್ನ ಆಮೇಲೆ ಹೇಳ್ತೀನಿ.

ನಾನು ಬಿ.ಕಾಂ ಓದಿದವ, ವಾದಕ್ಕಿಂತ ಲೆಕ್ಕ ಹಾಕೋದು ಅಭ್ಯಾಸ. ಬರ್ರಿ, ಲೆಕ್ಕ ಹಾಕೋಣ.

ಎಲ್ಲಾ ನಿಂತಿರೋದು ಒಂದು ನಿಯಮದ ಮೇಲೆ

ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್ ಔಟಾದ್ರೆ ಆ ಇನಿಂಗ್ಸ್‌ಗೆ ಅವನ ಕತೆ ಮುಗೀತು. ಫುಟ್‌ಬಾಲ್‌ನಲ್ಲಿ ರೆಡ್ ಕಾರ್ಡ್ ಬೀಳೋವರೆಗೆ ಆಟಗಾರ ಒಳಗೇ ಇರ್ತಾನೆ. ಕಬಡ್ಡಿ ಈ ಎರಡಕ್ಕೂ ಬೇರೆ. ಇಲ್ಲಿ ಔಟಾದವನು ವಾಪಸ್ ಬರ್ತಾನೆ, ಆದರೆ ತಾನಾಗಿ ಬರೋಕೆ ಆಗಲ್ಲ. ಉಳಿದವರು ಪಾಯಿಂಟ್ ತೆಗೆದು ಅವನನ್ನ ಕರ್ಕೊಂಡು ಬರಬೇಕು.

ಹೊಸಬರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದು ತಂಡದಲ್ಲಿ ಏಳು ಜನ ಅಂಕಣದಲ್ಲಿ ಇರ್ತಾರೆ. ನಮ್ಮ ರೈಡರ್ ಎದುರಾಳಿಯನ್ನ ಮುಟ್ಟಿ ವಾಪಸ್ ಬಂದ್ರೆ ಮುಟ್ಟಿದ ಪ್ರತಿಯೊಬ್ಬನಿಗೆ ಒಂದು ಅಂಕ. ಎಷ್ಟು ಜನ ಔಟಾದರೋ ಅಷ್ಟು ಜನ ನಮ್ಮ ಕಡೆ ಹೊರಗೆ ಕೂತವರು ಒಳಗೆ ಬರ್ತಾರೆ. ಅದೂ ಸರದಿ ಪ್ರಕಾರ, ಮೊದಲು ಔಟಾದವನು ಮೊದಲು. ಎದುರಾಳಿ ರೈಡರ್‌ನ ಹಿಡಿದ್ರೂ ಒಬ್ಬ ವಾಪಸ್. ಆದರೆ ಬೋನಸ್ ಗೆರೆ ದಾಟಿ ತಂದ ಬೋನಸ್ ಅಂಕಕ್ಕೆ ಯಾರೂ ವಾಪಸ್ ಬರಲ್ಲ. ಸ್ಕೋರ್‌ಬೋರ್ಡ್ ಮೇಲೆ ಒಂದು ಅಂಕ ಕೂಡ್ತದ, ಅಷ್ಟೇ.

ಈಗ ಸ್ಟಾರ್ ರೈಡರ್‌ನ ಎದುರಾಳಿ ಹಿಡಿದ್ರು ಅನ್ಕೊಳ್ರಿ. ಅವನು ಹೊರಗೆ ಕೂತ. ಅವನ ಜಾಗಕ್ಕೆ ಕೋಚ್ ಬೇರೆಯವನನ್ನ ಇಳಿಸೋ ಹಾಗಿಲ್ಲ, ಔಟಾದವನಿಗೆ ಬದಲಿ ಆಟಗಾರ ಇಲ್ಲ. ಈಗ ರೈಡ್‌ಗೆ ಹೋಗಬೇಕಾದವರು ಎರಡನೇ, ಮೂರನೇ ರೈಡರ್‌ಗಳು. ಅವರ ಕೈಲಿ ಆಗಲಿಲ್ಲ ಅಂದ್ರೆ ಡಿಫೆಂಡರ್‌ಗಳು ಯಾರನ್ನಾದರೂ ಹಿಡೀಬೇಕು. ಎರಡೂ ಆಗಲಿಲ್ಲ ಅಂದ್ರೆ ಸ್ಟಾರ್ ಕೂತಲ್ಲೇ ಕೂತಿರ್ತಾನೆ, ಒಳಗೆ ಒಬ್ಬೊಬ್ಬರೇ ಕಡಿಮೆ ಆಗ್ತಾ ಹೋಗ್ತಾರೆ, ಕೊನೆಗೆ ಆಲೌಟ್. ಎದುರಾಳಿಗೆ ಎರಡು ಅಂಕ ಹೆಚ್ಚುವರಿ.

ಟೈಮ್ ಲೆಕ್ಕ ನೋಡ್ರಿ. ಪಂದ್ಯ 40 ನಿಮಿಷ, ಒಂದು ರೈಡ್‌ಗೆ 30 ಸೆಕೆಂಡ್. ಸ್ಟಾರ್ ಒಟ್ಟು ಹತ್ತು ನಿಮಿಷ ಹೊರಗೆ ಕೂತ ಅಂದ್ರೆ ಅದು ಪಂದ್ಯದ ಕಾಲು ಭಾಗ. ಆ ಕಾಲು ಭಾಗದಲ್ಲಿ ತಂಡ ಏನು ಮಾಡ್ತದ ಅನ್ನೋದೇ ರೈಡಿಂಗ್ ಸಿಸ್ಟಮ್‌ನ ನಿಜವಾದ ಪರೀಕ್ಷೆ. ಉಳಿದ ಮುಕ್ಕಾಲು ಭಾಗ ಯಾವ ಕೋಚ್ ಇದ್ದರೂ ಚೆನ್ನಾಗೇ ಕಾಣ್ತಾನೆ.

ಪವನ್ ಕಾಲದ ಬುಲ್ಸ್

ಪವನ್ ಸೆಹ್ರಾವತ್ ಬುಲ್ಸ್‌ನಲ್ಲಿ ಮಿಂಚಿದ ಮೂರು ಸೀಸನ್ ನೆನಪು ಮಾಡ್ಕೊಳ್ರಿ. 6ನೇ ಸೀಸನ್‌ನಲ್ಲಿ 271 ರೈಡ್ ಪಾಯಿಂಟ್, 7ರಲ್ಲಿ 346, 8ರಲ್ಲಿ 304. ಮೂರೂ ವರ್ಷ ಲೀಗ್‌ನಲ್ಲಿ ಅವನೇ ನಂಬರ್ ಒನ್. 2019ರ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39 ರೈಡ್ ಪಾಯಿಂಟ್ ತೆಗೆದ. ಕೆಲವು ತಂಡಗಳು ಇಡೀ ಪಂದ್ಯಕ್ಕೆ ಅಷ್ಟು ತೆಗೆಯಲ್ಲ.

2019ರ ಜನವರಿ 5ರ ಫೈನಲ್‌ನಲ್ಲಿ ಗುಜರಾತ್ ಎದುರು ಬುಲ್ಸ್ 38-33ರಿಂದ ಗೆದ್ದಾಗ ಪವನ್ ಒಬ್ಬನದೇ 22 ಅಂಕ. ತಂಡದ ಒಟ್ಟು ಅಂಕದಲ್ಲಿ ಅರ್ಧಕ್ಕಿಂತ ಜಾಸ್ತಿ. ಸ್ಟಾರ್ ಬೇಕು ಅನ್ನೋ ಗುಂಪಿಗೆ ಇದೇ ದೊಡ್ಡ ಸಾಕ್ಷಿ. ಒಬ್ಬನೇ ಕಪ್ ತಂದಾನ, ಇನ್ನೇನು ಬೇಕು?

ಆದರೆ ಮುಂದಿನ ಎರಡು ವರ್ಷ ನೋಡ್ರಿ. 7ನೇ ಸೀಸನ್ ಸೆಮಿಫೈನಲ್‌ನಲ್ಲಿ ದಬಾಂಗ್ ದೆಹಲಿ ಎದುರು 38-44ರಿಂದ ಸೋಲು. ಪವನ್ 18 ಅಂಕ. 8ನೇ ಸೀಸನ್ ಸೆಮಿಫೈನಲ್, ಮತ್ತೆ ಅದೇ ದೆಹಲಿ, 35-40ರಿಂದ ಸೋಲು. ಪವನ್ ಮತ್ತೆ 18. ಎರಡೂ ಸಲ ತಂಡದ ಅರ್ಧದಷ್ಟು ಅಂಕ ಅವನೊಬ್ಬನದೇ, ಎರಡೂ ಸಲ ತಂಡ ಮನೆಗೆ. ಅವನು ತನ್ನ ಕೆಲಸ ಮಾಡಿದ್ದ. ಉಳಿದ ಅರ್ಧ ಕೊರತೆ ಬಿತ್ತು.

ಹಾಗಾದ್ರೆ ಸ್ಟಾರ್ ಬೇಡವಾ?

ಇಲ್ಲಿ ಎರಡನೇ ಗುಂಪಿನವರು ಕುಣಿದಾಡೋಕೆ ಶುರು ಮಾಡ್ತಾರ. ಸ್ವಲ್ಪ ತಡೀರಿ. 5ನೇ ಸೀಸನ್‌ನಿಂದ 11ರವರೆಗೆ ಅತಿ ಹೆಚ್ಚು ರೈಡ್ ಪಾಯಿಂಟ್ ತೆಗೆದವನ ತಂಡ ಕಪ್ ಗೆದ್ದಿತಾ ಅಂತ ಸಾಲಾಗಿ ನೋಡೋಣ.

5ನೇ ಸೀಸನ್, ಪರ್ದೀಪ್ ನರ್ವಾಲ್ 369. ಪಟ್ನಾ ಪೈರೇಟ್ಸ್ ಗೆದ್ದಿತು.
6ನೇ ಸೀಸನ್, ಪವನ್ 271. ಬುಲ್ಸ್ ಗೆದ್ದಿತು.
7ನೇ ಸೀಸನ್, ಪವನ್ 346. ಬುಲ್ಸ್ ಗೆಲ್ಲಲಿಲ್ಲ.
8ನೇ ಸೀಸನ್, ಪವನ್ 304. ಬುಲ್ಸ್ ಗೆಲ್ಲಲಿಲ್ಲ.
9ನೇ ಸೀಸನ್, ಅರ್ಜುನ್ ದೇಶ್ವಾಲ್ 296. ಜೈಪುರ ಗೆದ್ದಿತು.
10ನೇ ಸೀಸನ್, ದೆಹಲಿಯ ಆಶು ಮಲಿಕ್ 276. ದೆಹಲಿ ಗೆಲ್ಲಲಿಲ್ಲ.
11ನೇ ಸೀಸನ್, ದೇವಾಂಕ್ ದಲಾಲ್ 301. ಪಟ್ನಾ ಫೈನಲ್‌ಗೆ ಹೋಗಿ ಹರಿಯಾಣ ಎದುರು 23-32ರಿಂದ ಸೋತಿತು.

ಏಳರಲ್ಲಿ ಮೂರು ಸಲ ಹೌದು, ನಾಲ್ಕು ಸಲ ಇಲ್ಲ. ಅಂದ್ರೆ ಸ್ಟಾರ್ ಇದ್ದರೆ ಕಪ್ ಗ್ಯಾರಂಟಿ ಅನ್ನೋದೂ ಸುಳ್ಳು, ಸ್ಟಾರ್ ಇದ್ದರೆ ಕಪ್ ಬರಲ್ಲ ಅನ್ನೋದೂ ಸುಳ್ಳು. ಟೈಟನ್ಸ್ ಫ್ಯಾನ್ಸ್ ನಗೋದು ಇದಕ್ಕೇ. 10ನೇ ಸೀಸನ್‌ಗೆ ಟೈಟನ್ಸ್ ಅದೇ ಪವನ್‌ಗೆ 2.60 ಕೋಟಿಗೂ ಹೆಚ್ಚು ಕೊಟ್ಟು ತಗೊಂಡಿತು. ಒಂದು ತಂಡಕ್ಕೆ ಹರಾಜಿನಲ್ಲಿ ಇದ್ದ ಒಟ್ಟು ಮಿತಿಯೇ 5 ಕೋಟಿ. ಅರ್ಧಕ್ಕಿಂತ ಹೆಚ್ಚು ದುಡ್ಡು ಒಬ್ಬನಿಗೆ. ಪವನ್ 202 ರೈಡ್ ಪಾಯಿಂಟ್ ತೆಗೆದ. ತಂಡ 22 ಪಂದ್ಯಗಳಲ್ಲಿ ಎರಡು ಗೆದ್ದು ಕೊನೇ ಸ್ಥಾನಕ್ಕೆ ಬಂತು. ಮುಂದಿನ ವರ್ಷ ಪರ್ದೀಪ್ ಇದ್ದ ಬುಲ್ಸ್‌ಗೂ ಅದೇ ಎರಡು ಗೆಲುವು, ಅದೇ ಕೊನೇ ಸ್ಥಾನ. "ನಮ್ಮದು ಅನುಭವ ಆಗ್ಯದ, ನೀವೂ ಕಲೀರಿ" ಅನ್ನೋ ನಗು ಅದು.

ರಮೇಶ್ ತಂಡಗಳು ಗೆದ್ದದ್ದು ಹೆಂಗ?

ಬಿ.ಸಿ. ರಮೇಶ್ ಬುಲ್ಸ್‌ಗೆ ಹೊಸಬರಲ್ಲ. 6ನೇ ಸೀಸನ್‌ನಲ್ಲಿ ಕಪ್ ಗೆದ್ದಾಗ ರಣಧೀರ್ ಜೊತೆ ಅವರೂ ಕೋಚಿಂಗ್ ಬಳಗದಲ್ಲಿ ಇದ್ದರು. ಆಮೇಲೆ ಹೆಡ್ ಕೋಚ್ ಆಗಿ ಎರಡು ಬೇರೆ ತಂಡಗಳಿಗೆ ಕಪ್ ಗೆಲ್ಲಿಸಿದರು.

ಮೊದಲನೆಯದು 7ನೇ ಸೀಸನ್, ಬೆಂಗಾಲ್ ವಾರಿಯರ್ಸ್. ಆ ತಂಡದ ದೊಡ್ಡ ರೈಡರ್ ಮಣಿಂದರ್ ಸಿಂಗ್. 2019ರ ಅಕ್ಟೋಬರ್ 19ರ ಫೈನಲ್‌ಗೆ ಮಣಿಂದರ್ ಗಾಯದಿಂದ ಹೊರಗೆ. ಎದುರು ದಬಾಂಗ್ ದೆಹಲಿ, ಅವರ ಕಡೆ ನವೀನ್ ಕುಮಾರ್. ನವೀನ್ ಆ ದಿನ 18 ಅಂಕ ತೆಗೆದ, ದೆಹಲಿಯ 34ರಲ್ಲಿ ಅರ್ಧಕ್ಕಿಂತ ಹೆಚ್ಚು. ಬೆಂಗಾಲ್ ಕಡೆ ಇರಾನ್‌ನ ಮೊಹಮ್ಮದ್ ನಬಿಬಕ್ಷ್ 10, ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ 8, ಉಳಿದದ್ದು ಬೇರೆಬೇರೆಯವರಿಗೆ ಹಂಚಿ ಹೋಗಿತ್ತು. ಬೆಂಗಾಲ್ 39-34ರಿಂದ ಗೆದ್ದಿತು. ಸ್ಟಾರ್ ಪಂದ್ಯದ ಕಾಲು ಭಾಗ ಅಲ್ಲ, ಇಡೀ ಪಂದ್ಯ ಹೊರಗೆ ಕೂತಿದ್ದ. ಅಂಥಾ ದಿನಕ್ಕೂ ತಂಡ ತಯಾರಿತ್ತು.

ಎರಡನೆಯದು 10ನೇ ಸೀಸನ್, ಪುಣೇರಿ ಪಲ್ಟನ್. ಇಲ್ಲಿ ದುಡ್ಡಿನ ಲೆಕ್ಕ ಭಾಳ ಚೆಂದ ಅದ. ಪುಣೇರಿಯವರು ದೊಡ್ಡ ಮೊತ್ತ, 2.35 ಕೋಟಿ, ಕೊಟ್ಟಿದ್ದು ರೈಡರ್‌ಗಲ್ಲ. ಇರಾನ್‌ನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ, ಮುಖ್ಯವಾಗಿ ಹಿಡಿಯೋ ಕೆಲಸಕ್ಕೆ. ರೈಡಿಂಗ್ ಮಾತ್ರ ತಾವೇ ಬೆಳೆಸಿದ ಹುಡುಗರ ಕೈಗೆ ಬಿಟ್ಟರು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ. ಆ ಸೀಸನ್‌ನ ಟಾಪ್ ರೈಡರ್ ಪಟ್ಟಿಯ ಮೇಲ್ತುದಿಯಲ್ಲಿ ಪುಣೇರಿಯವರ ಹೆಸರೇ ಇರಲಿಲ್ಲ. 2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಫೈನಲ್, ಹರಿಯಾಣ ಎದುರು 28-25. ಹೆಚ್ಚು ಅಂಕ ತೆಗೆದ ಪಂಕಜ್ ಮೋಹಿತೆಗೆ ಬಂದದ್ದು 9.

ಹಿಡಿಯೋದಕ್ಕೆ ದುಡ್ಡು ಹಾಕಿದ್ರೆ ರೈಡಿಂಗ್‌ಗೆ ಏನು ಲಾಭ? ಮೇಲೆ ಹೇಳಿದ ನಿಯಮ ನೆನಪಿಸ್ಕೊಳ್ರಿ. ಎದುರಾಳಿ ರೈಡರ್‌ನ ಹಿಡಿದಾಗಲೂ ನಮ್ಮವನೊಬ್ಬ ವಾಪಸ್ ಬರ್ತಾನೆ. ಒಳ್ಳೆ ಡಿಫೆಂಡರ್ ಅಂದ್ರೆ ಔಟಾದ ರೈಡರ್‌ನ ಬೇಗ ಒಳಗೆ ಕರೆಸೋ ಮನುಷ್ಯ. ಹಾಗಾಗಿ ಡಿಫೆನ್ಸ್ ಬೇರೆ, ಅಟ್ಯಾಕ್ ಬೇರೆ ಅಂತ ಕಬಡ್ಡಿಯಲ್ಲಿ ಪೂರ್ತಿ ಬಿಡಿಸೋಕೆ ಬರಲ್ಲ.

ರಮೇಶ್ ಹೆಸರು ತೆಗೆದು ಇನ್ನೊಂದು ಉದಾಹರಣೆ ನೋಡೋಣ. 9ನೇ ಸೀಸನ್‌ಗೆ ತಮಿಳ್ ತಲೈವಾಸ್ ಪವನ್‌ಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಗಾಯ, ಇಡೀ ಸೀಸನ್ ಹೊರಗೆ. ಸೀಸನ್ ನಡುವೆ ಕೋಚ್ ಕೂಡ ಬದಲಾದರು, ಅಶನ್ ಕುಮಾರ್ ಬಂದರು. ನರೇಂದರ್ ಕಂಡೋಲಾ ಅನ್ನೋ ಹೊಸ ಹುಡುಗ ಮೊದಲ ಸೀಸನ್‌ನಲ್ಲೇ 243 ರೈಡ್ ಪಾಯಿಂಟ್ ತೆಗೆದ. ತಲೈವಾಸ್ ತನ್ನ ಇತಿಹಾಸದಲ್ಲಿ ಮೊದಲ ಸಲ ಸೆಮಿಫೈನಲ್‌ಗೆ ಹೋಯ್ತು. ಪವನ್ ಗಟ್ಟಿಯಾಗಿ ಇದ್ದಿದ್ದರೆ ಆ ಹುಡುಗನಿಗೆ ಅಷ್ಟು ರೈಡ್ ಸಿಗ್ತಿತ್ತಾ? ನೀವೇ ಯೋಚನೆ ಮಾಡ್ರಿ.

ಕೋಚ್ ಕೈಯಲ್ಲಿ ಇರೋದು ಎಷ್ಟು?

ಹೊರಗೆ ಕೂತು ಕೂಗೋದು ಬಿಟ್ಟು ಕೋಚ್ ಏನು ಮಾಡ್ತಾನೆ ಅಂತ ಕೇಳೋರು ಇದ್ದಾರೆ. ಮುಖ್ಯವಾಗಿ ಮೂರು ಕೆಲಸ.

ಒಂದು, ಹರಾಜು. 5 ಕೋಟಿಯನ್ನ ಎಲ್ಲಿ ಹಾಕಬೇಕು ಅಂತ ಮಾಲೀಕರ ಜೊತೆ ಕೂತು ತೀರ್ಮಾನ ಮಾಡೋದು. ಅಲ್ಲಿ ಒಬ್ಬನಿಗೇ ಅರ್ಧ ಸುರಿದ್ರೆ ಆಮೇಲೆ ಎಂಥಾ ಸಿಸ್ಟಮ್ ಇದ್ದರೂ ಕೈ ಕಟ್ಟಿದ ಹಾಗೆ.

ಎರಡು, ಡೂ-ಆರ್-ಡೈ ರೈಡ್ ಯಾರಿಗೆ ಅನ್ನೋದು. ಸತತ ಎರಡು ರೈಡ್ ಖಾಲಿ ಹೋದ್ರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ಹೋದವನು ಔಟ್. ಇದಕ್ಕೆ ಸ್ಟಾರ್‌ನೇ ಕಳಿಸಿದ್ರೆ ಅವನು ಔಟಾಗೋ ಅಪಾಯ ಪ್ರತಿ ಸಲ ಜಾಸ್ತಿ. ಅದಕ್ಕೇ ಬುದ್ಧಿವಂತ ಕೋಚ್ ಬೇರೆ ಒಬ್ಬ ಹುಡುಗನನ್ನ ಈ ಕೆಲಸಕ್ಕೇ ತಯಾರು ಮಾಡ್ತಾನೆ. ಟಿವಿಯಲ್ಲಿ ಅವನ ಹೆಸರು ಕಡಿಮೆ ಬರ್ತದ, ಆದರೆ ಅವನಿಲ್ಲದೆ ಸ್ಟಾರ್ ಒಳಗೆ ಉಳಿಯಲ್ಲ.

ಮೂರು, ಪ್ರ್ಯಾಕ್ಟೀಸ್. ಎರಡನೇ, ಮೂರನೇ ರೈಡರ್‌ಗೆ ನಿಜವಾದ ಒತ್ತಡದಲ್ಲಿ ರೈಡ್ ಸಿಗಬೇಕು. ಸ್ಟಾರ್ ಔಟಾದ ದಿನ ಮೊದಲ ಸಲ ಕಳಿಸಿದ್ರೆ ಅವನ ಕಾಲು ನಡುಗದೆ ಇನ್ನೇನಾಗ್ತದ?

ನಮ್ಮ ಕಡೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಮಾನ್ವಿ ಇರೋದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಕಾಲುವೆ ನೀರೊಂದನ್ನೇ ನಂಬಿ ಭತ್ತ ಹಚ್ಚಿದವನಿಗೆ ನೀರು ಬಂದ ವರ್ಷ ಭರ್ಜರಿ ಬೆಳೆ. ಮೇಲಿನವರು ತಿರುವಿಕೊಂಡ ವರ್ಷ ಗದ್ದೆ ಬಿರುಕು. ಬೋರ್‌ವೆಲ್ ಇಟ್ಕೊಂಡವನು ಕಾಲುವೆ ಬೇಡ ಅನ್ನಲ್ಲ. ನೀರು ಬರದ ಹದಿನೈದು ದಿನ ಬೆಳೆ ಉಳಿಸ್ಕೊಳ್ತಾನೆ. ರಮೇಶ್ ತಂಡಗಳು ಮಾಡಿದ್ದು ಅಷ್ಟೇ.

ಹಾಗಾದ್ರೆ ಬುಲ್ಸ್?

12ನೇ ಸೀಸನ್‌ನಲ್ಲಿ ಬುಲ್ಸ್ ಮೊದಲ ಪಂದ್ಯವನ್ನೇ ಪುಣೇರಿ ಎದುರು ಟೈ-ಬ್ರೇಕರ್‌ನಲ್ಲಿ ಸೋತಿತು. ಆಮೇಲೆ ಮೇಲೆದ್ದಿತು. ಮುಂದೆ ನಿಂತು ರೈಡ್ ಮಾಡಿದವನು ಇರಾನ್‌ನ ಅಲಿರೆಜಾ ಮಿರ್ಜಾಯಿಯನ್, ಹಿಂದೆ ಯೋಗೇಶ್, ದೀಪಕ್ ಶಂಕರ್ ಅಂಥ ಡಿಫೆಂಡರ್‌ಗಳು. ಕೊನೇ ಸ್ಥಾನದಿಂದ ಒಂದೇ ವರ್ಷಕ್ಕೆ ಪ್ಲೇ-ಆಫ್ ಅಂದ್ರೆ ಸಣ್ಣ ಮಾತಲ್ಲ. ಆದರೂ ನನ್ನ ಕಣ್ಣಿಗೆ ಬಿದ್ದದ್ದು ಒಂದು ವಿಷಯ: ಪವನ್ ಹೋಗಿ ಅಲಿರೆಜಾ ಬಂದ, ಭಾರ ಮಾತ್ರ ಮತ್ತೆ ಒಬ್ಬನ ಹೆಗಲ ಮೇಲೇ ಜಾಸ್ತಿ ಬಿತ್ತು. ಎರಡನೇ ರೈಡರ್ ಯಾರು ಅನ್ನೋ ಪ್ರಶ್ನೆ ಇನ್ನೂ ಹಾಗೇ ಅದ.

ಅದೇ ವರ್ಷ ಪುಣೇರಿ ಏನು ಮಾಡಿತು ನೋಡ್ರಿ. ರಮೇಶ್ ಅಲ್ಲಿಂದ ಬಂದಾಗಿತ್ತು, ಶಾದ್ಲೂಯಿ ಅದಕ್ಕೂ ಮೊದಲೇ ಹೋಗಿದ್ದ. ಹೊಸ ಕೋಚ್ ಅಜಯ್ ಠಾಕೂರ್. ಆದರೂ ಫೈನಲ್‌ಗೆ ಹೋಯ್ತು, ದೆಹಲಿ ಎದುರು ಸೋತದ್ದು 28-31, ಮೂರೇ ಅಂಕದಿಂದ. ಕೋಚ್ ಹೋದ ಮೇಲೂ ಆಟ ಉಳೀತು, ಯಾಕಂದ್ರೆ ರೈಡ್ ಮಾಡೋ ಹುಡುಗರನ್ನ ಅವರು ವರ್ಷಗಟ್ಟಲೆ ಬೆಳೆಸಿದ್ದರು. ಬುಲ್ಸ್‌ಗೆ ಬೇಕಾಗಿರೋದು ಅಂಥಾ ತಾಳ್ಮೆ. ಒಂದು ಸೀಸನ್‌ಗೆ ಒಬ್ಬ ಕೋಚ್, ಒಂದು ಹರಾಜಿಗೆ ಒಬ್ಬ ಹೀರೋ ಅಂತ ಬದಲಾಯಿಸ್ತಾ ಹೋದ್ರೆ ಪ್ರತಿ ವರ್ಷ ಇದೇ ಜಗಳ ನಡೀತದ.

ಹಂಗಾಗಿ ಮುಂದಿನ ಸಲ ಕೋಚ್ ಬಗ್ಗೆ ವಾದ ಬಂದಾಗ ಮೂರು ಪ್ರಶ್ನೆ ಕೇಳ್ರಿ. ನಂಬರ್ ಒನ್ ರೈಡರ್ ಹೊರಗೆ ಕೂತಾಗ ತಂಡ ಎಷ್ಟು ಅಂಕ ತಂತು? ಡೂ-ಆರ್-ಡೈಗೆ ಯಾರು ಹೋದರು? ಗೆದ್ದ ಪಂದ್ಯದಲ್ಲಿ ಒಬ್ಬನ ಪಾಲು ಎಷ್ಟು? ಈ ಮೂರಕ್ಕೆ ಉತ್ತರ ಮೊಬೈಲ್‌ನಲ್ಲೇ ಸಿಗ್ತದ, ಪಂದ್ಯ ನೋಡ್ತಾ ಒಂದು ಚೀಟಿ ಮೇಲೆ ಗೀರು ಹಾಕಿದ್ರೂ ಸಾಕು. ಕೋಚ್ ಹೆಸರು ದೊಡ್ಡದೋ ಸಣ್ಣದೋ ಅನ್ನೋದು ಆಮೇಲೆ.

ನಮ್ಮ ಅಂಗಳದ ಮಾತು

ಇದೆಲ್ಲಾ ಟಿವಿ ತಂಡದ ಕತೆ ಅನ್ಕೋಬೇಡ್ರಿ. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಕ್ಕೆ ನಡೆಯೋ ಟೂರ್ನಿಗಳಲ್ಲೂ ಇದೇ ನಡೀತದ. ಊರಲ್ಲಿ ಒಬ್ಬ ಒಳ್ಳೆ ರೈಡರ್ ಇರ್ತಾನ. ಬೆಳಗ್ಗೆಯಿಂದ ರಾತ್ರಿವರೆಗೆ ಎಲ್ಲಾ ರೈಡ್ ಅವನದೇ. ಮಣ್ಣಿನ ಅಂಕಣ, ಒಂದೇ ದಿನ ನಾಲ್ಕೈದು ಪಂದ್ಯ. ಸೆಮಿಫೈನಲ್ ಹೊತ್ತಿಗೆ ಅವನ ಮೊಣಕಾಲಿಗೆ ಬಟ್ಟೆ ಕಟ್ಟಿರ್ತಾರ, ಆದರೂ "ನೀನೇ ಹೋಗಪಾ" ಅಂತ ನೂಕ್ತಾರ. ಲಿಗಮೆಂಟ್ ಹೋದ್ರೆ ಆಪರೇಷನ್ ಖರ್ಚು ಅವನ ಮನೆಯವರದು, ಟೂರ್ನಿ ಕಮಿಟಿಯದಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣಲ್ಲ. ಅದೇ ತಂಡದಲ್ಲಿ ಕಾರ್ನರ್‌ನಲ್ಲಿ ನಿಂತ ಹದಿನೇಳು ವರ್ಷದ ಹುಡುಗನಿಗೆ ಇಡೀ ದಿನದಲ್ಲಿ ಒಂದು ರೈಡೂ ಸಿಕ್ಕಿರಲ್ಲ. ಅವನು ರೈಡರ್ ಆಗಬಲ್ಲನಾ ಅಂತ ಅವನಿಗೂ ಗೊತ್ತಾಗಲ್ಲ, ಸೆಲೆಕ್ಷನ್‌ಗೆ ನೋಡೋಕೆ ಬಂದವರಿಗೂ ಗೊತ್ತಾಗಲ್ಲ. ಕಬಡ್ಡಿ ಆಡಿ ರೈಲ್ವೆ, ಪೊಲೀಸ್ ಇಲಾಖೆ ಸೇರಿದವರು ಈ ರಾಜ್ಯದಲ್ಲಿ ಇದ್ದಾರೆ. ಆ ದಾರಿ ಈ ಹುಡುಗನಿಗೆ ಮುಚ್ಚಿಹೋಗೋದು ಅವನು ಆಡಿ ಸೋತದ್ದಕ್ಕಲ್ಲ, ಯಾರೂ ಕಳಿಸದೆ ಇದ್ದದ್ದಕ್ಕೆ.

ಊರ ತಂಡ ನಡೆಸೋ ಅಣ್ಣಂದಿರಿಗೆ ಒಂದೇ ಮಾತು. ಪ್ರ್ಯಾಕ್ಟೀಸ್‌ನಲ್ಲಿ ದಿನಾ ಹತ್ತು ನಿಮಿಷ ನಿಮ್ಮ ಬೆಸ್ಟ್ ರೈಡರ್‌ನ ಗೆರೆ ಹೊರಗೆ ಕೂಡಿಸ್ರಿ. ಉಳಿದವರಿಗೆ ಹೇಳ್ರಿ, "ಇವನನ್ನ ಒಳಗೆ ಕರ್ಕೊಂಡು ಬರ್ರಿ" ಅಂತ. ಖರ್ಚಿಲ್ಲ, ಮ್ಯಾಟ್ ಬೇಕಾಗಿಲ್ಲ. ಮೊದಲ ವಾರ ಆಲೌಟ್ ಆಗ್ತಾರ, ಆಗಲಿ. ಒಂದು ತಿಂಗಳಲ್ಲಿ ನಿಮಗೆ ಇನ್ನೊಬ್ಬ ರೈಡರ್ ಸಿಕ್ಕಿರ್ತಾನ.

ಎಪಿಸೋಡ್ ಇಷ್ಟಕ್ಕೆ ಮುಗಿಸ್ತೀನಿ. ನಿಮ್ಮ ಊರ ತಂಡದಲ್ಲಿ ಎರಡನೇ ರೈಡರ್ ಯಾರು ಅಂತ ವಾಯ್ಸ್ ಮೆಸೇಜ್ ಕಳಿಸ್ರಿ. ಉತ್ತರ ತಟ್ಟನೆ ಬರಲಿಲ್ಲ ಅಂದ್ರೆ ನಾಳೆ ಸಂಜೆ ಪ್ರ್ಯಾಕ್ಟೀಸ್‌ಗೆ ಕೆಲಸ ಸಿಕ್ಕಂಗಾಯ್ತು. ಬರ್ತೀನ್ರೀ, ನಮಸ್ಕಾರ.